ಬಾಯಲ್ಲಿ ಇಳಿಸುವುದು, ಕೈಯಲ್ಲಿ ಎತ್ತುವುದು

ತುಮಕೂರಿನ ಗುಬ್ಬಿ ಗೇಟಿನ ಷೆಡ್ಡಾಗಲಿ, ಗುಬ್ಬಿ ಪೇಟೆಯ ಬಿ.ಎಚ್. ರಸ್ತೆ ಪಕ್ಕದ್ದಾಗಲಿ, ಕುಣಿಗಲ್ಲಿನಲ್ಲಿ ಮಂಗಳೂರು ಹೆದ್ದಾರಿಗೆ ಮುಖ ಮಾಡಿದ್ದಾಗಲಿ, ಹಳೆಯ ಗಾಡಿಯೊಂದು ಹೊಗೆ ಕಾರುತ್ತ ಬಂದು ನಿಂತರೆ ಮೇಸ್ತ್ರಿ ಹೇಳುವುದು ಒಂದೇ ಮಾತು: "ಬೋರಿಗೆ ಬಂದದೆ ಸಾ, ಎಂಜಿನ್ ಇಳಿಸ್ಬೇಕು." ಎತ್ತಬೇಕು ಎಂದು ಯಾರೂ ಅನ್ನುವುದಿಲ್ಲ. ಆದರೆ ಅಂಬಾಸಡರ್ ಆಗಲಿ, ಜೀಪಾಗಲಿ, ಎಂಜಿನ್ ಮೊದಲು ಮೇಲಕ್ಕೇ ಹೋಗಬೇಕು. ರೇಡಿಯೇಟರ್ ಬಿಚ್ಚಿದ ಜಾಗದಿಂದ ಮೂತಿ ಎತ್ತಿಕೊಂಡು, ಗಾಡಿಯ ಅಂಚು ದಾಟಿ, ಜನರ ಎದೆಮಟ್ಟಕ್ಕೆ ಬಂದು, ಗಾಳಿಯಲ್ಲಿ ತೂಗಾಡಿ, ಆಮೇಲೆ ನೆಲಕ್ಕೆ. ಇಳಿಸುವುದು ಕೊನೆಯ ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನದೆಲ್ಲ ಎತ್ತುವುದೇ. ದಿನಬಳಕೆಯ ಮಾತಿನಲ್ಲೇ ಭಾರ ಮರೆತುಹೋಗಿದೆ.

ಈ ಮರೆವಿನ ಹಿಂದೆ ಗಟ್ಟಿಯಾದ ಒಂದು ನಂಬಿಕೆ ಇದೆ. ಕೈ ಪಳಗಿದ್ದರೆ ಸಾಕು. ಒಂದು ಸರಪಳಿ, ಒಂದು ಬೇವಿನ ಕೊಂಬೆ ಅಥವಾ ಷೆಡ್ಡಿನ ಪೈಪು, ನಾಲ್ಕು ಜನ ಗಟ್ಟಿ ಆಳು ಇದ್ದರೆ ಎಂತಹ ಎಂಜಿನ್ನೂ ಬರುತ್ತದೆ. ಹಳೆಯ ಗಾಡಿಗೆ ಇದಕ್ಕಿಂತ ಹೆಚ್ಚು ಯಾಕೆ. ಕ್ರೇನು, ಬೆಲ್ಟು, ತಪಾಸಣೆ ಅನ್ನುವುದೆಲ್ಲ ದೊಡ್ಡ ಕಂಪನಿಯವರ ವೈಭವ. ಇದನ್ನು ಮೇಸ್ತ್ರಿಯೊಬ್ಬರೇ ನಂಬಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಗಾಡಿಯ ಯಜಮಾನ ನಂಬಿದ್ದಾನೆ, ಷೆಡ್ಡಿನ ಜಾಗ ಬಾಡಿಗೆಗೆ ಕೊಟ್ಟವರು ನಂಬಿದ್ದಾರೆ, ಕಾನೂನು ಬರೆದವರೂ ಸುಮಾರಾಗಿ ನಂಬಿದ್ದಾರೆ. ಈ ನಂಬಿಕೆ ಲೆಕ್ಕದಲ್ಲಿ ತಪ್ಪು, ಯಂತ್ರದ ವಿಚಾರದಲ್ಲಿ ತಪ್ಪು, ಹದಿನೆಂಟು ಇಪ್ಪತ್ತು ವರ್ಷದ ಹೆಲ್ಪರ್ ಹುಡುಗರ ವಿಚಾರದಲ್ಲಂತೂ ಅನ್ಯಾಯ.

"ಮೂವತ್ತು ವರ್ಷದಿಂದ ಇಳಿಸ್ತಿದೀವಿ, ಏನಾಗದೆ?" ಅನ್ನುವುದು ಈ ನಂಬಿಕೆಯ ಮೊದಲ ಆಧಾರ. ಮೂವತ್ತು ವರ್ಷ ಕೆಲಸ ಮಾಡಿ ಇನ್ನೂ ಷೆಡ್ಡಿನಲ್ಲಿ ನಿಂತಿರುವವರು ಆಡುವ ಮಾತು ಅದು. ಕೈ ಜಜ್ಜಿಸಿಕೊಂಡು ಕಸುಬು ಬಿಟ್ಟವರು, ಈಗ ಅಂಗಡಿಯಲ್ಲೋ ತೋಟದಲ್ಲೋ ಒಂದು ಕೈಯಲ್ಲಿ ಕೆಲಸ ಮಾಡುತ್ತಿರುವವರು, ಸೊಂಟ ಹಿಡಿದು ಮನೆ ಸೇರಿದವರು ಅಲ್ಲಿಗೆ ಬಂದು ಉತ್ತರ ಕೊಡುವುದಿಲ್ಲ. ಉಳಿದವರ ಎಣಿಕೆಯಿಂದ ಹೋದವರ ಲೆಕ್ಕ ಸಿಗುವುದಿಲ್ಲ. ಚಿಕ್ಕ ಗ್ಯಾರೇಜಿನ ಪೆಟ್ಟು ಯಾವ ರಿಜಿಸ್ಟರಿಗೂ ಹೋಗುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ "ಬಿದ್ದು ಗಾಯ" ಎಂದು ಬರೆಸಿಕೊಂಡು ಬಂದರೆ ಮುಗಿಯಿತು. ಮೂವತ್ತು ವರ್ಷ ಏನೂ ಆಗಿಲ್ಲವೆಂದರೆ ಸರಪಳಿ ಮೂವತ್ತು ವರ್ಷ ಹಳತಾಗಿದೆ ಅನ್ನುವುದೂ ಅಷ್ಟೇ ನಿಜ.

ಇನ್ನು ತೂಕ. ಅಂಬಾಸಡರಿನ ಹಳೆಯ 1489 ಸಿಸಿ ಎಂಜಿನ್ ಎರಕದ ಕಬ್ಬಿಣದ್ದು. ಗೇರ್‌ಬಾಕ್ಸ್ ಜೊತೆಗೆ ಎತ್ತಿದರೆ ಎರಡು ಕ್ವಿಂಟಲ್ ಹತ್ತಿರ ಬರುತ್ತದೆ. ಹಳೆಯ ಲಾರಿಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಾಲ್ಕೈದು ಕ್ವಿಂಟಲ್‌ನ ಆಸುಪಾಸು. ಎರಡು ಕ್ವಿಂಟಲ್ ಅಂದರೆ ನಾಲ್ಕು ಮೂಟೆ ಸಿಮೆಂಟು. ಮೂಟೆಯನ್ನಾದರೆ ಒಬ್ಬೊಬ್ಬರು ಒಂದೊಂದು ಹೊರಬಹುದು, ಹೆಗಲಿಗೆ ಒಗ್ಗುತ್ತದೆ. ಎಂಜಿನ್ನಿಗೆ ಹಿಡಿ ಇಲ್ಲ. ಮೈತುಂಬ ಎಣ್ಣೆ, ಒಂದು ಕಡೆ ಚೂಪಾದ ಬ್ರಾಕೆಟ್ಟು, ಇನ್ನೊಂದು ಕಡೆ ಸೈಲೆನ್ಸರಿನ ಮ್ಯಾನಿಫೋಲ್ಡ್, ಕೆಳಗೆ ತೆಳು ತಗಡಿನ ಸಂಪು. ನಾಲ್ಕು ಜನ ಹಿಡಿದರೆ ನಾಲ್ಕರಲ್ಲೊಂದು ಪಾಲು ತೂಕ ಒಬ್ಬೊಬ್ಬರಿಗೆ ಅನ್ನುವುದು ಕಾಗದದ ಮೇಲಿನ ಲೆಕ್ಕ. ಒಬ್ಬನ ಕೈ ಜಾರಿದ ಕ್ಷಣ ಆ ಪಾಲು ಉಳಿದ ಮೂವರಿಗೆ ಸಮನಾಗಿ ಹಂಚಿಹೋಗುವುದಿಲ್ಲ, ಹತ್ತಿರ ಇದ್ದವನ ಮೊಣಕೈಗೆ ಬೀಳುತ್ತದೆ.

"ಹುಷಾರಾಗಿದ್ರೆ ಏನೂ ಆಗಲ್ಲ" ಎಂಬ ಮಾತಿಗೂ ಇದೇ ಗತಿ. ಅರ್ಧ ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ಸೆಕೆಂಡಿನ ಮೂರರಲ್ಲೊಂದು ಭಾಗ ಸಾಕು. ಕಣ್ಣು ಕಂಡು, ತಲೆ ತಿಳಿದು, ಕೈ ಕದಲಲು ಶುರುವಾಗುವಷ್ಟರಲ್ಲಿ ಆ ಹೊತ್ತಿನ ಬಹುಪಾಲು ಕಳೆದಿರುತ್ತದೆ. ಹುಷಾರು ಅನ್ನುವುದು ಎಂಜಿನ್ ಎತ್ತುವ ಮೊದಲು ಇರಬೇಕಾದ ಗುಣ. ಎತ್ತಿದ ಮೇಲೆ ಬಿದ್ದರೆ ಯಾವ ಹುಷಾರೂ ಅದಕ್ಕಿಂತ ಬೇಗ ಓಡುವುದಿಲ್ಲ. ಹಾಗಾಗಿ ತೂಗುವ ಎಂಜಿನ್ನಿನ ಕೆಳಗೆ ಯಾರ ಕೈ, ಕಾಲು, ತಲೆ ಇರಬಾರದು ಅನ್ನುವುದನ್ನು ಆಳಿನ ಚುರುಕಿಗೆ ಬಿಡಲಾಗದು. ಕೆಲಸ ಶುರುವಾಗುವ ಮುಂಚೆಯೇ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಬೇಕು.

ಮರದ ಕೊಂಬೆಯ ವಿಚಾರದಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು ಲೆಕ್ಕವೊಂದಿದೆ. ಒಂಟಿ ರಾಟೆಯನ್ನು ಕೊಂಬೆಗೆ ಕಟ್ಟಿ, ಹಗ್ಗ ಹಾಯಿಸಿ, ನಾಲ್ಕು ಜನ ಕೆಳಗೆ ಎಳೆದರೆ ಕೊಂಬೆಗೆ ಬೀಳುವುದು ಎಂಜಿನ್ನಿನ ತೂಕ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಗ್ಗದ ಒಂದು ತುದಿಯಲ್ಲಿ ಎರಡು ಕ್ವಿಂಟಲ್ ತೂಗುತ್ತಿದ್ದರೆ, ಅದನ್ನು ತಡೆಯಲು ಇನ್ನೊಂದು ತುದಿಯಲ್ಲಿ ಅಷ್ಟೇ ಬಲದಿಂದ ಎಳೆಯಬೇಕು. ಎರಡೂ ಸೇರಿ ಕೊಂಬೆಗೆ ಬೀಳುವುದು ನಾಲ್ಕು ಕ್ವಿಂಟಲ್. ಎಳೆಯುವಾಗ ಜಗ್ಗಿದರೆ ಇನ್ನೂ ಹೆಚ್ಚು. ಬೇವು, ಹುಣಸೆ ಗಟ್ಟಿ ಮರಗಳೇ. ಆದರೆ ಹಳೆಯ ಕೊಂಬೆಯ ಒಳಗೆ ಗೆದ್ದಲು ಕೊರೆದಿದೆಯೋ, ಬುಡದಲ್ಲಿ ಬಿರುಕು ಬಿಟ್ಟಿದೆಯೋ ಹೊರಗಿನಿಂದ ಕಾಣುವುದಿಲ್ಲ. ಚೈನ್ ಬ್ಲಾಕ್ ಕಟ್ಟಿದರೆ ಕೈಯಿಂದ ಎಳೆಯುವ ಬಲ ಬಹಳ ಕಡಿಮೆಯಾಗುತ್ತದೆ, ಒಳಗಿನ ಬ್ರೇಕ್ ಭಾರವನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುತ್ತದೆ. ಹಗ್ಗ ಬಿಟ್ಟು ಅದನ್ನು ಹಿಡಿದ ಮೇಸ್ತ್ರಿಗಳು ಅರ್ಧ ದಾರಿ ಬಂದವರು. ಉಳಿದರ್ಧ ಇರುವುದು ಮೇಲೆ, ಬ್ಲಾಕಿನ ಕೊಕ್ಕೆ ಯಾವುದಕ್ಕೆ ಸಿಕ್ಕಿದೆ ಅನ್ನುವುದರಲ್ಲಿ. ಷೆಡ್ಡಿನ ಪೈಪು ತಗಡಿನ ಭಾರಕ್ಕೂ ಗಾಳಿಗೂ ಲೆಕ್ಕ ಹಾಕಿ ಹೊಂದಿಸಿದ್ದು. ಆ ಪೈಪಿನ ನಟ್ಟನಡುವೆ ಲಾರಿ ಎಂಜಿನ್ ನೇತುಹಾಕುವುದೆಂದರೆ ವೆಲ್ಡಿಂಗಿನವನು ಎಂದೂ ಒಪ್ಪಿಕೊಂಡಿರದ ಕೆಲಸವನ್ನು ಅವನ ಬೆಸುಗೆಯ ಮೇಲೆ ಹೊರಿಸಿದಂತೆ.

"ನಮ್ಮ ಹಿರೀಕರು ಇದ್ನೆಲ್ಲ ನೋಡ್ತಿದ್ರಾ?" ಎಂದು ಕೇಳುವವರಿದ್ದಾರೆ. ನೋಡುತ್ತಿದ್ದರು. ಪಂಪ್‌ಸೆಟ್ ಬರುವ ಮುಂಚೆ ಈ ಸೀಮೆಯ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದ ರೈತ, ಎತ್ತು ಹೂಡುವ ಮುಂಚೆ ಮಿಣಿ ನೋಡುತ್ತಿದ್ದ. ಇಳಿಜಾರಿನಲ್ಲಿ ನೀರಿನ ಭಾರ ಎಳೆಯುತ್ತ ಹೋಗುವ ಎತ್ತಿನ ಹಿಂದೆ ಮಿಣಿ ಕಿತ್ತರೆ ಎತ್ತು ಮುಂದಕ್ಕೆ ಮುಗ್ಗರಿಸುತ್ತದೆ, ಮಿಣಿಯ ಮೇಲೆ ಕೂತವನೂ ಬೀಳುತ್ತಾನೆ. ಎತ್ತಿನ ಬೆಲೆ ಗೊತ್ತಿದ್ದವನಿಗೆ ಸವೆದ ಹಗ್ಗದ ಬೆಲೆಯೂ ಗೊತ್ತಿತ್ತು. ಗುಬ್ಬಿಯ ಚನ್ನಬಸವೇಶ್ವರನ ತೇರಿರಲಿ, ಸಿದ್ಧಗಂಗೆಯ ಜಾತ್ರೆಯ ತೇರಿರಲಿ, ಮಿಣಿ ಹಿಡಿಯುವವರು ಬೇರೆ, ಸನ್ನೆ ಹಾಕುವವರು ಬೇರೆ, ಚಕ್ರಕ್ಕೆ ಮರದ ತುಂಡು ಕೊಟ್ಟು ತಡೆಯುವವರು ಬೇರೆ; ಚಕ್ರದ ಮುಂದೆ ನಿಲ್ಲಬಾರದೆಂದು ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಭಾರಕ್ಕೆ ಅಂಜುವ, ಭಾರವನ್ನು ಗೌರವಿಸುವ ಪಾಠ ಈ ಮಣ್ಣಿನಲ್ಲಿ ಹಳೆಯದು. ಅದನ್ನು ಹೊರಗಿನಿಂದ ತಂದ ಕಂಪನಿ ಶೋಕಿ ಅನ್ನುವುದು ಹಿರಿಯರಿಗೇ ಮಾಡುವ ಅವಮಾನ.

ಸರಪಳಿಯ ಓರೆ ಇನ್ನೊಂದು ದೊಡ್ಡ ವಿಷಯ. ಎಂಜಿನ್ನಿನ ಮುಂದೊಂದು ಹಿಂದೊಂದು ಕಡೆ ಸರಪಳಿ ಸಿಕ್ಕಿಸಿ, ನಡುವಿಗೆ ಕೊಕ್ಕೆ ಹಾಕಿ ಎತ್ತುವಾಗ ಸರಪಳಿಯ ಕಾಲು ನೆಟ್ಟಗಿದ್ದಷ್ಟೂ ಒಳ್ಳೆಯದು. ಎರಡು ಕ್ವಿಂಟಲ್ ಎಂಜಿನ್ನಿಗೆ ಸರಪಳಿ ಮಟ್ಟದಿಂದ 60 ಡಿಗ್ರಿ ಓರೆಯಲ್ಲಿದ್ದರೆ ಒಂದೊಂದು ಕಾಲಿಗೆ ಬೀಳುವುದು 115 ಕಿಲೋ. 45 ಡಿಗ್ರಿಗೆ ಇಳಿದರೆ 141. 30 ಡಿಗ್ರಿಗೆ ಬಂದರೆ ಒಂದೊಂದು ಕಾಲೂ ಪೂರ್ತಿ 200 ಕಿಲೋ ಹೊರುತ್ತದೆ. ಇನ್ನೂ ಚಪ್ಪಟೆಯಾಗಿ 15 ಡಿಗ್ರಿ ಆದರೆ ಸುಮಾರು 386. ಎಂಜಿನ್ ಅದೇ, ಸರಪಳಿ ಅದೇ. ಕಟ್ಟಿದ ರೀತಿಯೊಂದೇ ಅದನ್ನು ಮೂರು ಪಟ್ಟಿಗಿಂತ ಹೆಚ್ಚು ಭಾರ ಮಾಡಿತು. ಸರಪಳಿ ಚಪ್ಪಟೆಯಾಗಲು ಕಾರಣ ಯಾರ ಮೂರ್ಖತನವೂ ಅಲ್ಲ, ಷೆಡ್ಡಿನ ಮಾಡು ತಗ್ಗು. ಎತ್ತರ ಸಿಗದೆ ಹೋದಾಗ ಮೇಸ್ತ್ರಿ ಸರಪಳಿಯನ್ನು ಮೋಟು ಮಾಡುತ್ತಾರೆ, ಮೋಟಾದಷ್ಟೂ ಅದು ಚಪ್ಪಟೆಯಾಗುತ್ತದೆ. ಹಾಗಿರುವಾಗ ಈ ಲೆಕ್ಕ ಪಳಗಿದ ಕೈಗೆ ತಾನಾಗಿ ಹೇಗೆ ತಿಳಿಯಬೇಕು? ಕೈಗೆ ತೂಕ ತಿಳಿಯುತ್ತದೆ, ಸರಪಳಿಯ ಒಳಗಿನ ಎಳೆತ ತಿಳಿಯುವುದಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು. ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಕೋರ್ಸು ಮುಗಿಸಿ ಬಂದ ಹುಡುಗ ಹೇಳಲು ಹೋದರೆ "ಪುಸ್ತಕ ಓದ್ಕಂಡ್ ಬಂದವ್ನೆ" ಎಂದು ಬಾಯಿ ಮುಚ್ಚಿಸುವುದು ಷೆಡ್ಡಿನ ರೂಢಿ. ಆ ರೂಢಿ ಹೋಗಬೇಕು.

ಈಗ ಆ ನಂಬಿಕೆಯ ತೀರ ಸಡಿಲವಾದ ತುಂಡಿಗೆ ಬರಬಹುದು: ಹಳೇ ಗಾಡಿಗೆ ಅಷ್ಟೆಲ್ಲ ಯಾಕೆ?

ಹಳೆಯದಾದ್ದರಿಂದಲೇ. ಎಂಜಿನ್ ತಯಾರಿಸಿದವರು ಅದನ್ನು ಎತ್ತಲೆಂದೇ ತಲೆಯ ಮೇಲೆ, ಹೆಡ್ಡಿನ ಬೋಲ್ಟಿಗೆ ಸೇರಿಸಿ, ತೂತಿರುವ ದಪ್ಪ ಪಟ್ಟಿಗಳನ್ನು ಕೊಟ್ಟಿರುತ್ತಾರೆ. ಇಪ್ಪತ್ತು ಮೂವತ್ತು ವರ್ಷದ ಗಾಡಿಯಲ್ಲಿ ಎಂಜಿನ್ ಎರಡು ಮೂರು ಸಲ ಕೆಲಸಕ್ಕೆ ಬಂದಿರುತ್ತದೆ. ಮೊದಲ ಸಲ ಬಿಚ್ಚಿದಾಗ ಒಂದು ಪಟ್ಟಿ ಡಬ್ಬಿಯ ತಳ ಸೇರಿತು, ಎರಡನೇ ಸಲ ಇನ್ನೊಂದು ಗುಜರಿಗೆ ಹೋಯಿತು. ಮೂರನೇ ಸಲ ಎತ್ತುವವರಿಗೆ ಸಿಕ್ಕಿಸಲು ಜಾಗವೇ ಇಲ್ಲ. ಆಗ ಸರಪಳಿ ಮ್ಯಾನಿಫೋಲ್ಡಿನ ಸುತ್ತ ಸುತ್ತುತ್ತದೆ, ಇಲ್ಲವೇ ಡೈನಮೋ ಕೂರಿಸುವ ಬ್ರಾಕೆಟ್ಟಿನ ಒಳಗೆ ತೂರುತ್ತದೆ. ಬ್ರಾಕೆಟ್ಟು ಮಾಡಿದ್ದು ಡೈನಮೋ ಹಿಡಿಯಲು. ಎರಕದ ಆ ತುಂಡು ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಪಟ್ಟನೆ ಮುರಿಯುತ್ತದೆ.

ಪಟ್ಟಿ ಇಲ್ಲದಿದ್ದರೆ ಮೇಸ್ತ್ರಿಗಳು ಹೆಡ್ಡಿನ ತೂತಿಗೆ ಬೋಲ್ಟ್ ಹಾಕಿ ಸರಪಳಿಯ ಕೊಂಡಿ ಬಿಗಿಯುವುದೂ ಉಂಟು. ದಾರಿ ಸರಿ, ಬೋಲ್ಟ್ ಯಾವುದು ಅನ್ನುವುದು ಪ್ರಶ್ನೆ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದೋ 10.9 ಎಂದೋ ಅಚ್ಚೊತ್ತಿರುತ್ತದೆ. ಅದು ಆ ಬೋಲ್ಟ್ ಎಷ್ಟು ಎಳೆತ ತಡೆಯುತ್ತದೆ ಎಂಬುದರ ಗುರುತು. ಗೇಟು, ಗ್ರಿಲ್ಲಿಗೆ ಹಾಕುವ ಸಾದಾ ಬೋಲ್ಟಿನ ತಲೆ ಬೋಳು. ಷೆಡ್ಡಿನ ಡಬ್ಬಿಯಲ್ಲಿ ಎರಡೂ ಒಂದೇ ಎಣ್ಣೆಯಲ್ಲಿ ಮುಳುಗಿ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಬೆರಳಲ್ಲಿ ತಲೆ ಒರೆಸಿ ನೋಡಲು ಎರಡು ಸೆಕೆಂಡು ಸಾಕು. ಆಮೇಲೆ ದಾರ: ನಾಲ್ಕು ಸುತ್ತು ಹಿಡಿದು ನಿಂತ ಬೋಲ್ಟನ್ನು "ಟೈಟಾಗಿದೆ" ಎಂದು ನಂಬಬಾರದು. ಎರಕದ ಕಬ್ಬಿಣದೊಳಗೆ ಅದು ತನ್ನ ದಪ್ಪದ ಒಂದೂವರೆ ಪಟ್ಟಿನಷ್ಟಾದರೂ ಇಳಿದಿರಬೇಕು.

ಗಾಡಿಯದ್ದೂ ಇದೇ ಕಥೆ. ಫೌಂಡೇಶನ್ ರಬ್ಬರು ಸಂದು ಹೋಗಿ ಎಂಜಿನ್ ಒಂದು ಕಡೆ ವಾಲಿರುತ್ತದೆ. ತುಕ್ಕು ತಿಂದ ಬೋಲ್ಟು ಬಿಚ್ಚಿತೆಂದು ಮೇಲಿನವನು ತಿಳಿದಿರುತ್ತಾನೆ, ಕೆಳಗೆ ಒಂದು ಉಳಿದಿರುತ್ತದೆ. ಚೈನ್ ಬ್ಲಾಕ್ ಎಳೆಯುತ್ತ ಹೋದಂತೆ ಎಂಜಿನ್ ಬದಲು ಗಾಡಿಯೇ ಮೇಲೇಳುತ್ತದೆ. ಹೀಗಾದಾಗ ಕೈ ನಿಲ್ಲಿಸಿ, ಸಡಿಲ ಬಿಟ್ಟು, ಎಲ್ಲಿ ಸಿಕ್ಕಿದೆ ಎಂದು ಹುಡುಕಬೇಕು. ಷೆಡ್ಡಿನಲ್ಲಿ ನಡೆಯುವುದು ಬೇರೆ: ಒಬ್ಬ ಹುಡುಗ ಬಂಪರಿನ ಮೇಲೆ ಹತ್ತಿ ಕುಣಿಯುತ್ತಾನೆ, ಇನ್ನೊಬ್ಬ ಕೆಳಗೆ ತೂರಿ ಪಾರೆಯಿಂದ ಮೀಟುತ್ತಾನೆ. ಸಿಕ್ಕಿದ್ದು ಬಿಟ್ಟ ಕ್ಷಣ ಎಂಜಿನ್ ಉಯ್ಯಾಲೆಯಂತೆ ಮುಂದಕ್ಕೆ ಹಾರುತ್ತದೆ. ಎಲ್ಲ ಸರಿಯಾಗಿ ಬಿಚ್ಚಿದ್ದರೂ ಎಂಜಿನ್ನಿನ ತೂಕ ಹೋದಂತೆ ಗಾಡಿಯ ಮುಂಭಾಗ ತನ್ನಷ್ಟಕ್ಕೆ ಏಳುತ್ತದೆ; ಎಂಜಿನ್ ಮೇಲೆ ಬಂತೆಂದು ತಿಳಿದು ಕೈ ತೂರಿಸಿದವನಿಗೆ ಗಾಡಿಯೂ ಹಿಂದೆಯೇ ಬಂದದ್ದು ಗೊತ್ತಾಗುವುದಿಲ್ಲ.

ಎಲ್ಲ ಗಾಡಿಗೂ ಒಂದೇ ವಿದ್ಯೆ ಸಾಲದು ಅನ್ನುವುದನ್ನೂ ಪಳಗಿದ ಕೈಯ ವಾದ ಮರೆಮಾಚುತ್ತದೆ. ಮಾರುತಿ ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಅದು ಬರುವುದು ಕೆಳಗಡೆಯಿಂದ. ಅಲ್ಲಿ "ಇಳಿಸು" ಎಂಬ ಮಾತು ನಿಜ, ಆದರೆ ಮೇಲೆ ಉಳಿಯುವುದು ಇಡೀ ಗಾಡಿ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರುವುದಕ್ಕಿಂತ ದೊಡ್ಡ ಅಪಾಯ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ. ಜಾಕು ಎತ್ತುವ ಸಾಧನ. ಹೊತ್ತು ನಿಲ್ಲಬೇಕಾದದ್ದು ಕಬ್ಬಿಣದ ಸ್ಟ್ಯಾಂಡು ಅಥವಾ ಅಡ್ಡಡ್ಡ ಜೋಡಿಸಿದ ಗಟ್ಟಿ ಮರದ ದಿಮ್ಮಿ. ಹಾಲೋ ಬ್ಲಾಕ್ ಇಟ್ಟು ನಿಲ್ಲಿಸುವ ಅಭ್ಯಾಸ ಊರೂರಲ್ಲೂ ಕಾಣುತ್ತದೆ. ಗೋಡೆಯೊಳಗೆ ಸಾಲಾಗಿ ಭಾರ ಹೊರುವ ಆ ಟೊಳ್ಳು ಇಟ್ಟಿಗೆ ಒಂದೇ ಮೂಲೆಗೆ ಒತ್ತು ಬಿದ್ದರೆ ಪುಡಿಯಾಗುತ್ತದೆ.

ಟ್ರ್ಯಾಕ್ಟರಿನದು ಇನ್ನೂ ಬೇರೆ. ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಮುಂಗಾರಿಗೆ ಮುಂಚೆ ಬರುವ ಕೆಲಸ ಇದೇ. ಟ್ರ್ಯಾಕ್ಟರಿಗೆ ಲಾರಿಯ ಹಾಗೆ ಚಾಸಿ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ ಅದೇ ಅದರ ಬೆನ್ನೆಲುಬು. ಎಂಜಿನ್ ಬೇಕೆಂದರೆ ಟ್ರ್ಯಾಕ್ಟರನ್ನು ನಡುವಿಗೆ ಎರಡು ಹೋಳು ಮಾಡಬೇಕು. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯಂತೆ ಆಡುತ್ತದೆ, ಉಳುವಾಗ ಏರುತಗ್ಗಿಗೆ ಹೊಂದಿಕೊಳ್ಳಲೆಂದು. ಹೋಳಾದ ಮೇಲೆ ಮುಂಭಾಗ ನಿಂತಿರುವುದು ಆ ತಕ್ಕಡಿಯ ಮೇಲೆ. ಆಕ್ಸಲ್ಲಿಗೂ ಮೇಲಿನ ಬ್ರಾಕೆಟ್ಟಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯದಿದ್ದರೆ ಎಂಜಿನ್ ಸಮೇತ ಅದು ಪಕ್ಕಕ್ಕೆ ಉರುಳುತ್ತದೆ. ಎರಡು ತುಂಡು ಮರದ ಬೆಣೆ! ಯಾವ ತೋಟದಲ್ಲೂ ಬಿಟ್ಟಿ ಸಿಗುವ ವಸ್ತು. ಈಚೆಗೆ ಜೆಸಿಬಿ ಕರೆಸಿ ಬಕೆಟ್ಟಿನ ಹಲ್ಲಿಗೆ ಸರಪಳಿ ಸಿಕ್ಕಿಸಿ ಎತ್ತುವುದು ಸುಲಭವೆಂದು ಹೆಸರಾಗಿದೆ. ಹಲ್ಲು ಮಣ್ಣು ಕೊರೆಯಲು ಓರೆಯಾಗಿ ಮಾಡಿದ್ದು, ಬಕೆಟ್ ಸ್ವಲ್ಪ ತಿರುಗಿದರೆ ಸರಪಳಿ ಜಾರಿ ಬರುತ್ತದೆ. ಮೇಲೆ ಕೂತ ಆಪರೇಟರಿಗೆ ಬೋಲ್ಟಿನ ತೂತು ಕಾಣುವುದಿಲ್ಲ. ಅವನು ಒಂದು ಅಂಗುಲ ಎಂದು ಲಿವರ್ ಒತ್ತಿದ್ದು ಕೆಳಗಿನವನ ಅಂಗೈ ಮೇಲೆ ನಾಲ್ಕು ಅಂಗುಲ ಆಗಬಹುದು.

ಬೋಲ್ಟಿನ ತೂತೇ ಈ ಕಸುಬಿನಲ್ಲಿ ಬೆರಳು ತಿನ್ನುವ ಬಾಯಿ. ಕೆಲಸ ಮುಗಿದು ಎಂಜಿನ್ ವಾಪಸ್ ಕೂರಿಸುವಾಗ ಬೆಲ್ ಹೌಸಿಂಗಿನ ತೂತೂ ಎಂಜಿನ್ನಿನ ತೂತೂ ಒಂದಕ್ಕೊಂದು ಎದುರು ಬಂತೋ ಇಲ್ಲವೋ ಎಂದು ನೋಡಲು ಹೆಲ್ಪರ್ ಹುಡುಗ ತೋರುಬೆರಳು ಹಾಕುತ್ತಾನೆ. ಕಣ್ಣಿಗೆ ಕಾಣದ ಜಾಗ, ಬೆರಳಿಗೆ ಅಂಚು ತಿಳಿಯುತ್ತದೆ. "ಇನ್ನೊಂಚೂರು ಬಿಡಣ್ಣ" ಎನ್ನುತ್ತಾನೆ. ಮೇಲಿನವರು ಬಿಡುತ್ತಾರೆ. ಎರಡು ಕ್ವಿಂಟಲ್ ಕಬ್ಬಿಣ ಆ ತೂತಿನ ಬಾಯಿಯಲ್ಲಿ ಅಡ್ಡ ಸರಿದರೆ ಕತ್ತರಿಯ ಕೆಲಸ ಮಾಡುತ್ತದೆ. ಚೂಪು ಮಾಡಿದ ಒಂದು ಸರಳನ್ನೋ ಉದ್ದನೆಯ ಸ್ಕ್ರೂಡ್ರೈವರನ್ನೋ ತೂತಿಗೆ ಕೊಟ್ಟರೆ ಇದೇ ಕೆಲಸ ಆಗುತ್ತದೆ, ಎರಡೂ ತೂತನ್ನು ಎಳೆದು ಸೇರಿಸಲೂ ಬರುತ್ತದೆ. ಹುಡುಗನಿಗೆ ಸರಳು ಯಾರೂ ಕೊಟ್ಟಿಲ್ಲ, ಅಷ್ಟೆ. ಅವನ ಮೇಸ್ತ್ರಿಗೂ ಅವರ ಮೇಸ್ತ್ರಿ ಕೊಟ್ಟಿರಲಿಲ್ಲ.

ಕಾನೂನು ಈ ಬೆರಳಿಗೆ ಬೆಲೆ ಕಟ್ಟಿ ಬಹಳ ಕಾಲವಾಯಿತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳಿಗೋ ಕಿರುಬೆರಳಿಗೋ 7. ಸ್ಪ್ಯಾನರ್ ಹಿಡಿಯುವವನಿಗೆ ತೋರುಬೆರಳಿನ ನಷ್ಟ 14ಕ್ಕೆ ನಿಲ್ಲುತ್ತದೆಯೇ ಅನ್ನುವುದು ಬೇರೆ ಮಾತು. ಹೋದ ಬೆರಳಿಗೆ ಲೆಕ್ಕ ಬರೆದಿಟ್ಟ ಕಾನೂನು, ಬೆರಳು ಹೋಗದಂತೆ ತಡೆಯುವಲ್ಲಿ ಚಿಕ್ಕ ಗ್ಯಾರೇಜನ್ನು ಹೊರಗಿಟ್ಟಿತು. 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗ, ಕೊಕ್ಕೆಗಳ ಬಗ್ಗೆಯೇ ಇತ್ತು: ಅವು ಗಟ್ಟಿಯಾಗಿರಬೇಕು, ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹರು ಪರೀಕ್ಷಿಸಬೇಕು, ಸುರಕ್ಷಿತ ಭಾರ ಎಷ್ಟೆಂದು ಬರೆದಿರಬೇಕು, ಅದನ್ನು ಮೀರಬಾರದು. ಎಷ್ಟು ಒಳ್ಳೆಯ ಕಲಮು! ಆದರೆ ಕರೆಂಟು ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಮಾತ್ರ ಆ ಜಾಗ ಕಾರ್ಖಾನೆ ಅನ್ನಿಸಿಕೊಳ್ಳುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಅಂಕಿಯನ್ನು 20 ಮತ್ತು 40ಕ್ಕೆ ಏರಿಸಿತು. ಮೇಸ್ತ್ರಿ, ಇಬ್ಬರು ಹುಡುಗರು, ಒಬ್ಬ ಟಿಂಕರಿನವನು ಇರುವ ಷೆಡ್ಡು ಆ ಗೆರೆಯಿಂದ ಇನ್ನಷ್ಟು ದೂರ ಸರಿಯಿತು.

ಆಳು ಎಷ್ಟು ಎಂದು ಎಣಿಸಿ ಸುರಕ್ಷತೆ ಕೊಡುವ ಈ ಪದ್ಧತಿಯೇ ತಲೆಕೆಳಗು. ಬ್ರಿಟನ್ನಿನಲ್ಲಿ 1998ರಲ್ಲಿ ಬಂದ ಭಾರ ಎತ್ತುವ ಕೆಲಸದ ನಿಯಮಗಳು ಒಬ್ಬನೇ ದುಡಿಯುವ ಗ್ಯಾರೇಜಿಗೂ ಅನ್ವಯಿಸುತ್ತವೆ. ಎತ್ತುವ ಸಾಧನಕ್ಕೆ ವರ್ಷಕ್ಕೊಮ್ಮೆ, ಸರಪಳಿ ಬೆಲ್ಟುಗಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ. ಅಲ್ಲಿ ಕೇಳುವುದು ಏನನ್ನು ಎತ್ತುತ್ತೀರಿ ಎಂದು. ಅಷ್ಟು ದೂರವೂ ಹೋಗಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೇ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಇದೆ; 2016ರ ಜನವರಿ 3ರಂದು ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಪ್ರಧಾನಿಯಿಂದ ಲೋಕಾರ್ಪಣೆಯಾಯಿತು. ವಿಮಾನದ ಕಸುಬಿನಲ್ಲಿ ಗುರುತಿನ ಚೀಟಿ ಇಲ್ಲದ ಬೆಲ್ಟಿನಲ್ಲಿ ಎಂಜಿನ್ ಎತ್ತುವುದನ್ನು ಯಾರೂ ಒಪ್ಪುವುದಿಲ್ಲ. ಅದೇ ತಾಲ್ಲೂಕಿನ ರಸ್ತೆ ಬದಿಯಲ್ಲಿ, ಅದಕ್ಕಿಂತ ಭಾರದ ಕಬ್ಬಿಣವನ್ನು ಹುಡುಗನೊಬ್ಬನ ತಲೆಯ ಮೇಲೆ ತೂಗಿಬಿಡುವುದನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಹೆಲಿಕಾಪ್ಟರಿನ ಎಂಜಿನ್ ದುಬಾರಿ ಅನ್ನುವುದು ನಿಜ. ಎರಡೂ ಕಡೆ ಕೆಳಗೆ ನಿಲ್ಲುವ ಹುಡುಗರು ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದಿದವರೂ ಆಗಿರಬಹುದು.

ಖರ್ಚಿನ ಮಾತು ಬಂದೇ ಬರುತ್ತದೆ, ಅದಕ್ಕೆ ಉತ್ತರ ಕೊಡದೆ ಹೋಗುವುದು ಸರಿಯಲ್ಲ. ಮಡಚುವ ಎಂಜಿನ್ ಕ್ರೇನು ಇವತ್ತು ಒಂದು ಹಳೆಯ ಬೈಕಿನ ಬೆಲೆಗೆ ಸಿಗುತ್ತದೆ. ಎಲ್ಲ ಷೆಡ್ಡಿಗೂ ಅದು ಹೊರೆಯೇ, ವರ್ಷಕ್ಕೆ ಹತ್ತು ಎಂಜಿನ್ ಇಳಿಸುವವನಿಗೆ ಇನ್ನೂ ಹೊರೆ. ಆದರೆ ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ತರುವ ಊರಿನಲ್ಲಿ, ತಾರಸಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ತರುವ ಊರಿನಲ್ಲಿ, ಒಂದು ರಸ್ತೆಯ ಎಂಟು ಹತ್ತು ಗ್ಯಾರೇಜಿನವರು ಸೇರಿ ಒಂದು ಕ್ರೇನು ಇಟ್ಟುಕೊಳ್ಳುವುದು ಆಗದ ಮಾತೇನಲ್ಲ. ಮೆಕ್ಯಾನಿಕ್ಕುಗಳ ಸಂಘಗಳು ಆಯುಧಪೂಜೆಗೆ ಒಟ್ಟಾಗುತ್ತವೆ, ರಾಜ್ಯೋತ್ಸವಕ್ಕೆ ಒಟ್ಟಾಗುತ್ತವೆ. ಇದಕ್ಕೂ ಆಗಲಿ.

ಕ್ರೇನಿನ ವಿರುದ್ಧ ಮೇಸ್ತ್ರಿಗಳು ಹೇಳುವ ಒಂದು ಮಾತಿಗೆ ಮಾತ್ರ ತೂಕ ಇದೆ: ಮಣ್ಣಿನ ನೆಲದಲ್ಲಿ ಅದರ ಪುಟ್ಟ ಚಕ್ರ ಓಡುವುದಿಲ್ಲ. ನಿಜ, ಓಡುವುದಿಲ್ಲ. ಎಂಜಿನ್ ತೂಗುತ್ತಿರುವಾಗ ಅದನ್ನು ಓಡಿಸಲೂ ಬಾರದು. ಕ್ರೇನು ನಿಂತಲ್ಲೇ ನಿಲ್ಲಲಿ, ಎಂಜಿನ್ ಮೇಲೆ ಬಂದ ಕೂಡಲೆ ಗಾಡಿಯನ್ನು ಹಿಂದಕ್ಕೆ ತಳ್ಳಲಿ. ಖಾಲಿಯಾದ ಗಾಡಿ ಸಲೀಸಾಗಿ ಹೋಗುತ್ತದೆ. ಆಮೇಲೆ ಎಂಜಿನ್ನನ್ನು ಅಲ್ಲೇ ನೆಲಮಟ್ಟಕ್ಕೆ ಬಿಡಲಿ. ಇದಕ್ಕೆ ಬೇಕಾಗುವುದು ಹತ್ತಡಿ ಹನ್ನೆರಡಡಿಯ ಕಾಂಕ್ರೀಟ್ ಹಾಸು. ಇನ್ನೊಂದು ಸಂಗತಿ, ಎರಡು ಟನ್ನಿನ ಕ್ರೇನು ಎಂದು ಬರೆದಿದ್ದರೆ ಅದು ಕೈ ಪೂರ್ತಿ ಒಳಗಿದ್ದಾಗಿನ ಮಾತು. ಕೈಯನ್ನು ಹೊರಗೆ ಚಾಚುತ್ತ ಹೋದಂತೆ ತಾಳುವ ಭಾರ ಇಳಿದು, ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಅರ್ಧ ಟನ್ನಿಗೆ ಬಂದು ನಿಲ್ಲುತ್ತದೆ. ಕೈಯ ಮೇಲಿನ ತೂತುಗಳ ಪಕ್ಕ ಈ ಅಂಕಿಗಳು ಇರುತ್ತವೆ. ಲಾರಿಯ ಎಂಜಿನ್ನಿಗೆ ಕೈ ಚಾಚುವ ಮುಂಚೆ ಅದನ್ನು ಓದದವನಿಗೆ ಕ್ರೇನು ಇದ್ದೂ ಉಪಯೋಗವಿಲ್ಲ.

ಗಾಡಿಯ ಯಜಮಾನನ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಬಾರದು. ಬೋರು, ಪಿಸ್ಟನ್, ಬೇರಿಂಗಿಗೆ ಬಿಲ್ಲು ನೋಡಿ ದುಡ್ಡು ಎಣಿಸುವವನು, ಇಳಿಸಿ ಹತ್ತಿಸುವ ಕೂಲಿಗೆ ಬಂದಾಗ ಚೌಕಾಸಿಗೆ ನಿಲ್ಲುತ್ತಾನೆ. "ಬಿಚ್ಚಿ ಹಾಕದಕ್ಕೆ ಇಷ್ಟಾ?" ಕೂಲಿ ಕಡಿಮೆಯಾದಾಗ ಮೇಸ್ತ್ರಿ ಕಡಿತ ಮಾಡುವುದು ಹೊತ್ತನ್ನು, ಹೊತ್ತು ಕಡಿಮೆಯಾದರೆ ಮೊದಲು ಹೋಗುವುದು ನೋಡುವ ಕೆಲಸ. ನಷ್ಟ ಆ ಯಜಮಾನನಿಗೂ ತಟ್ಟುತ್ತದೆ. ಅವಸರದಲ್ಲಿ ಎಂಜಿನ್ ಓರೆಯಾಗಿ ಜೋತುಬಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವನ್ನು ಬಾಗಿಸುತ್ತದೆ. ಹೊಸ ಎಂಜಿನ್ ಕೆಲಸ ಆದ ತಿಂಗಳಲ್ಲೇ ಕ್ಲಚ್ ಅದುರುತ್ತಿದೆ ಎಂದು ವಾಪಸ್ ಬರುವ ಗಾಡಿಗಳಲ್ಲಿ ಇದರ ಪಾಲು ಇರುತ್ತದೆ. ಎಂಜಿನ್ನನ್ನು ಸಂಪಿನ ಮೇಲೆ ಕೂರಿಸಿದರೆ ತಗಡು ನೆಗ್ಗಿ ಎಣ್ಣೆ ಎಳೆಯುವ ಜಾಲರಿಗೆ ತಾಗುತ್ತದೆ. ಹಳೆಯ ಟೈರೊಂದನ್ನು ಅಡಿಗೆ ಹಾಕಿ ಎರಡೂ ಕಡೆ ಮರದ ಆನಿಕೆ ಕೊಡುವುದು ಬಿಟ್ಟಿ ಕೆಲಸ.

ಮೇಸ್ತ್ರಿಗಳ ವಿದ್ಯೆಯನ್ನು ಕೀಳು ಮಾಡುವುದು ಈ ಬರಹದ ಉದ್ದೇಶವಲ್ಲ. ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು ಎಂಜಿನ್ನಿನ ಯಾವ ಬೇರಿಂಗು ಸವೆದಿದೆ ಎಂದು ಹೇಳುವ ಕಿವಿಗೆ ಬದಲಿಯಿಲ್ಲ. ಆದರೆ ಭಾರಕ್ಕೆ ಕಿವಿಯಿಲ್ಲ, ಅದು ಯಾರ ಅನುಭವವನ್ನೂ ಕೇಳುವುದಿಲ್ಲ. ಅಂತಹ ಮೇಸ್ತ್ರಿಯ ಕೈ ಕೂಡ ಎಂಜಿನ್ನಿನ ಅಡಿಗೆ ಹೋಗದೆ ಉಳಿಯಬೇಕು ಅನ್ನುವುದಕ್ಕೇ ಇಷ್ಟೆಲ್ಲ.

ಆಯುಧಪೂಜೆಯ ದಿನ ಈ ಮೂರೂ ಊರಿನ ಷೆಡ್ಡುಗಳಲ್ಲಿ ಚೈನ್ ಬ್ಲಾಕ್ ಕೆಳಗಿಳಿಯುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಬ್ಲಾಕಿನ ಹೊಟ್ಟೆಯ ಮೇಲೆ ಒಂದು ಪುಟ್ಟ ಲೋಹದ ತಗಡು ಇರುತ್ತದೆ, ಎಷ್ಟು ಟನ್ ಎಂದು ಕೊರೆದಿರುತ್ತದೆ. ವರ್ಷ ವರ್ಷದ ಕುಂಕುಮ, ಗ್ರೀಸು ಪದರಗಟ್ಟಿ ಅದು ಮುಚ್ಚಿಹೋಗಿರುತ್ತದೆ. ವರ್ಷಕ್ಕೆ ಒಂದು ದಿನ ಬ್ಲಾಕು ಕೈಗೆ ಸಿಗುವಷ್ಟು ಹತ್ತಿರ ಬರುವುದು ಅವತ್ತೇ. ಕುಂಕುಮ ಇಡುವ ಮುಂಚೆ ಆ ತಗಡನ್ನು ಉಜ್ಜಿ ಅಂಕಿ ಓದಬಹುದು. ಕೊಕ್ಕೆಯ ಬಾಯಿ ಅಗಲವಾಗಿದೆಯೇ, ಬಾಯಿಗೆ ಅಡ್ಡ ಇರಬೇಕಾದ ಲಾಕು ಉಳಿದಿದೆಯೇ, ಸರಪಳಿಯ ಕೊಂಡಿಗಳಲ್ಲಿ ಯಾವುದಾದರೂ ಉದ್ದವಾಗಿ ಜಗ್ಗಿದೆಯೇ, ವೆಲ್ಡಿಂಗ್ ಹಾಕಿ ಸೇರಿಸಿದ ಕೊಂಡಿ ಇದೆಯೇ ಎಂದು ಹಗಲು ಬೆಳಕಿನಲ್ಲಿ ಬೆರಳಾಡಿಸಿ ನೋಡಬಹುದು. ಅರ್ಧ ಗಂಟೆ ಹಿಡಿಯುತ್ತದೆ. ಜಗ್ಗಿದ ಕೊಂಡಿ ಸಿಕ್ಕಿದರೆ ಆ ಸರಪಳಿಯನ್ನು ಮಾಡಿಗೆ ವಾಪಸ್ ಏರಿಸದೆ ಅವತ್ತೇ ಎರಡು ತುಂಡು ಮಾಡಿ ಗುಜರಿಗೆ ಹಾಕಬೇಕು. ಹಾಗೇ ಮೂಲೆಯಲ್ಲಿಟ್ಟರೆ ಮುಂದಿನ ವಾರ ಯಾರೋ ಅವಸರದಲ್ಲಿ ಅದನ್ನೇ ಎಳೆದುಕೊಂಡು ಹೋಗುತ್ತಾರೆ.